ಕೊನೆಯ ನಾಲ್ಕು ಲೀಟರ್

ನಾಜಲ್ ಮಾವನ ವ್ಯಾನಿನ ಹೊಗೆ ಚೀಟಿಯ ಅವಧಿ ಅಂದೇ ಮುಗಿಯುತ್ತದೆ ಎಂಬುದನ್ನು ಕಂಡುಹಿಡಿದವರು ನಾಜಲ್ ಮಾವನಲ್ಲ, ಎದುರುಮನೆಯ ಹೆಡ್‌ಕ್ಲಾರ್ಕರು. ಅದು ಅವರಿಗೆ ಸಂಬಂಧಪಟ್ಟ ವಿಷಯವಾಗಿರಲಿಲ್ಲ. ಆದರೆ ನಿವೃತ್ತರಾಗಿ ಆರು ವರ್ಷವಾದರೂ ಕಣ್ಣಿಗೆ ಬಿದ್ದ ಕಾಗದವನ್ನು ಓದದೆ ಮುಂದೆ ಹೋಗುವುದು ಅವರಿಗಿನ್ನೂ ಅಭ್ಯಾಸವಾಗಿರಲಿಲ್ಲ. ಬೆಳಗಿನ ನಡಿಗೆಗೆ ಹೊರಟರೆ ಬೀದಿಯುದ್ದಕ್ಕೂ ನಿಂತ ವಾಹನಗಳ ಗಾಜಿನ ಮೇಲಿನ ಚೀಟಿಗಳನ್ನೆಲ್ಲ ಓದಿಕೊಂಡೇ ಹೋಗುತ್ತಿದ್ದರು. ಹಾಗಾಗಿ ಯಾವ ಗಾಡಿಯ ಗಡುವು ಎಂದು ಮುಗಿಯುತ್ತದೆ ಎಂಬುದು ಒಡೆಯರಿಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು.

“ಇವತ್ತೇ ಕೊನೇ ದಿನ,” ಎಂದರು ಅವರು, ವ್ಯಾನಿನ ಕಿಟಕಿಯೊಳಗೆ ತಲೆ ತೂರಿಸಿ. “ಮೂವತ್ತು ವರ್ಷ ದಾಟಿದ ಗಾಡಿ. ಒಂದು ದಿನ ತಪ್ಪಿದ್ರೂ ಮತ್ತೆ ಚೀಟಿ ಕೊಡಲ್ಲ. ಬಂದು ಗುಜರಿಗೆ ಎಳ್ಕೊಂಡು ಹೋಗ್ತಾರೆ.”

ಮಾವ ಡ್ರೈವರ್ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಎಂಜಿನ್ ಓಡುತ್ತಿತ್ತು. ಅವರು ಕಣ್ಣು ತೆರೆಯದೆಯೇ, “ಇನ್ನೂ ನಾಲ್ಕು ನಿಮಿಷ ಇದೆ. ಆಮೇಲೆ ಮಾತಾಡೋಣ,” ಎಂದರು.

ಆ ನಾಲ್ಕು ನಿಮಿಷ ಏನೆಂದು ಬೀದಿಗೆಲ್ಲ ಗೊತ್ತಿತ್ತು. ಹೆಡ್‌ಕ್ಲಾರ್ಕರು ತಲೆಯನ್ನು ಹೊರಕ್ಕೆ ತೆಗೆದುಕೊಂಡು ಗಡಿಯಾರ ನೋಡುತ್ತ ನಿಂತರು.

ಮಾವ ಮೂವತ್ತೆಂಟು ವರ್ಷ ಡೀಸೆಲ್ ಎಂಜಿನ್ನುಗಳ ಪಂಪು, ಇಂಧನ ಚಿಮ್ಮುವ ನಾಜಲ್ಲು ರಿಪೇರಿ ಮಾಡಿ ಆ ಹೆಸರು ಪಡೆದವರು. ಅವರ ಹೆಂಡತಿ ಆಸ್ಪತ್ರೆಯ ಗೇಟಿನೆದುರು ಕರಿದ ತಿಂಡಿ ಮಾರುತ್ತಿದ್ದಳು. ರೋಗಿಗಳಿಗೆ ಅದು ವರ್ಜ್ಯ, ಆದರೆ ರೋಗಿಗಳನ್ನು ನೋಡಲು ಬಂದವರಿಗೂ, ವರ್ಜ್ಯ ಎಂದು ಬರೆದುಕೊಟ್ಟ ಡಾಕ್ಟರರಿಗೂ ಅದಿಲ್ಲದೆ ಸಂಜೆ ಕಳೆಯುತ್ತಿರಲಿಲ್ಲ. ಎರಡು ದಿನಕ್ಕೊಮ್ಮೆ ಬಾಣಲೆಯ ಎಣ್ಣೆ ಬದಲಾಯಿಸುವುದು ಅವಳ ನೇಮ. ಹಳೆಯದನ್ನು ಚೆಲ್ಲಲು ಮನಸ್ಸು ಬಾರದೆ ಸೋಸಿ ಡಬ್ಬದಲ್ಲಿಡುತ್ತಿದ್ದಳು. ಆ ಎಣ್ಣೆಯಿಂದ ಬಯೋಡೀಸೆಲ್ ಮಾಡಬಹುದು ಎಂದು ಮಾವ ಎಲ್ಲೋ ಓದಿಕೊಂಡು ಬಂದಾಗ, “ಮಾಡಿ, ಆದ್ರೆ ನನ್ನ ಪಾತ್ರೆ ಮುಟ್ಟಬೇಡಿ,” ಎಂದಿದ್ದಳು.

ಮಾವ ಹಿತ್ತಿಲಲ್ಲಿ ಹಳೆಯ ಪೀಪಾಯಿ ಇಟ್ಟು, ಎಣ್ಣೆ ಕಾಯಿಸಿ ನೀರಿನಂಶ ಹಾರಿಸಿ, ಮೆಥನಾಲು ಕಾಸ್ಟಿಕ್ ಸೋಡಾ ಬೆರೆಸಿ, ಕಲಕಿ ಬಿಟ್ಟರು. ಮೊದಲ ಸಲ ಪೀಪಾಯಿ ಪೂರ್ತಿ ಸಾಬೂನಾಯಿತು. ಬೀದಿಯವರು ಒಂದು ವಾರ ಅದರಲ್ಲೇ ಬಟ್ಟೆ ಒಗೆದರು. ಕೊಳೆ ಹೋಗಲಿಲ್ಲ, ಬಟ್ಟೆಗೆ ಆಲೂಗಡ್ಡೆ ವಾಸನೆ ಬಂತು. ಎರಡನೆಯ ಸಲ ಮಾತ್ರ ಕಂದು ಗ್ಲಿಸರಿನ್ ತಳಕ್ಕಿಳಿದು ಮೇಲೆ ಹೊಂಬಣ್ಣದ ತಿಳಿ ನಿಂತಿತು. ಅದನ್ನು ತೊಳೆದು, ಆರಿಸಿ, ವ್ಯಾನಿಗೆ ಹುಯ್ದರೆ ಹಳೆಯ ಎಂಜಿನ್ನು ಕೆಮ್ಮದೆ ಹೊರಟಿತು. ಅಂದಿನಿಂದ ಅವಳ ಬಾಣಲೆಯ ಎಣ್ಣೆಯೇ ಅವಳ ಬಾಣಲೆಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಿತ್ತು. ವ್ಯಾನು ಹೋದ ದಾರಿಯಲ್ಲೆಲ್ಲ ಯಾರೋ ಒಲೆ ಹಚ್ಚಿ ಕೂತ ಹಾಗೆ ವಾಸನೆ.

ಹನ್ನೊಂದು ತಿಂಗಳ ಹಿಂದೆ ಅವಳು ತೀರಿಕೊಂಡಳು. ಹೊಟ್ಟೆಯೊಳಗಿನ ಗಂಟು, ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಯಾವ ಆಸ್ಪತ್ರೆಯ ಗೇಟಿನಲ್ಲಿ ಒಲೆ ಹೂಡಿದ್ದಳೋ ಅದರೊಳಗೇ ಎರಡು ತಿಂಗಳು ಮಲಗಿದ್ದು ಹೋದಳು. ಹಿತ್ತಿಲಲ್ಲಿ ಐದೈದು ಲೀಟರಿನ ಮೂರು ಡಬ್ಬ ಎಣ್ಣೆ ಉಳಿದಿತ್ತು.

ಅದನ್ನು ಮಾವ ಸ್ವಲ್ಪ ಸ್ವಲ್ಪವೇ ತೆಗೆದು ಬಯೋಡೀಸೆಲ್ ಮಾಡಿಕೊಂಡರು. ಎಲ್ಲಿಗೂ ಹೋಗಲಿಲ್ಲ. ದಿನಾ ಬೆಳಗ್ಗೆ ವ್ಯಾನಿನಲ್ಲಿ ಕೂತು ಹತ್ತು ನಿಮಿಷ ಎಂಜಿನ್ ಓಡಿಸುವುದು, ಹಿಂದಿನ ಬಾಗಿಲು ತೆರೆದಿಟ್ಟು ಆ ಹೊಗೆ ಒಳಗೆ ಬರುವಂತೆ ಮಾಡಿಕೊಳ್ಳುವುದು, ಕಣ್ಣು ಮುಚ್ಚಿ ಕೂರುವುದು. ಹತ್ತು ನಿಮಿಷ ಪಕ್ಕದಲ್ಲಿ ಅವಳಿದ್ದಳು. ಹಿಂದಿನ ದಿನದ್ದನ್ನೆಲ್ಲ ಅವಳಿಗೆ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಹತ್ತು ನಿಮಿಷಕ್ಕೆ ಇನ್ನೂರು ಮಿಲಿ ಸುಡುತ್ತದೆ. ಮೂರು ಡಬ್ಬ ಹನ್ನೊಂದು ತಿಂಗಳು ಹೇಗೆ ಬಂತು ಎಂಬ ಲೆಕ್ಕ, ಜೀವಮಾನವೆಲ್ಲ ಎಂಜಿನ್ನು ಎಷ್ಟು ಕುಡಿಯುತ್ತದೆಂದು ಅಳೆದ ಮನುಷ್ಯ ಮಾಡಿರಲಿಲ್ಲ. ಅವಳ ಕೈ ದೊಡ್ಡದು, ಅವಳು ಮಾಡಿಟ್ಟದ್ದು ಯಾವತ್ತೂ ಸಾಲದೆ ಬಂದಿರಲಿಲ್ಲ ಎಂದುಕೊಂಡು ಸುಮ್ಮನಿದ್ದರು.

ಆದರೂ ಕೊನೆಯ ಡಬ್ಬದ ತಳದಲ್ಲಿ ಗಸಿ ಕಟ್ಟತೊಡಗಿತ್ತು. ಹೀಗೇ ಬಿಟ್ಟರೆ ಕೆಡುತ್ತದೆಂದು ಮೂರು ದಿನದ ಹಿಂದೆ ಉಳಿದದ್ದನ್ನೆಲ್ಲ ಒಮ್ಮೆಗೇ ಬಯೋಡೀಸೆಲ್ ಮಾಡಿ ಟ್ಯಾಂಕಿಗೆ ಹುಯ್ದಿದ್ದರು. ಡಬ್ಬ ತೊಳೆದು ಹಿತ್ತಿಲ ಕಟ್ಟೆಯ ಮೇಲೆ ಬೋರಲು ಹಾಕಿದ್ದರು. ಈಗ ಟ್ಯಾಂಕಿನಲ್ಲಿ ಉಳಿದದ್ದು ನಾಲ್ಕು ಲೀಟರ್. ಅಂದರೆ ಇಪ್ಪತ್ತು ಬೆಳಗು. ಆಮೇಲೆ ಏನು ಎಂದು ಯೋಚಿಸುವ ಧೈರ್ಯ ಇರಲಿಲ್ಲ.

ನಾಲ್ಕು ನಿಮಿಷ ಮುಗಿದ ಮೇಲೆ ಮಾವ ಚೀಟಿ ಓದಿದರು. ಹೆಡ್‌ಕ್ಲಾರ್ಕರು ಸರಿಯಾಗಿಯೇ ಹೇಳಿದ್ದರು.

ತಪಾಸಣೆ ಕೇಂದ್ರ ಹನ್ನೆರಡು ಕಿಲೋಮೀಟರ್ ದೂರ. ಹೋಗಿ ಬರಲು ಇಪ್ಪತ್ತನಾಲ್ಕು. ಲೀಟರಿಗೆ ಒಂಬತ್ತು ಕೊಡುವ ಗಾಡಿ. ಪರೀಕ್ಷೆಗೆ ಒಂದಿಷ್ಟು. ಬೆರಳು ಮಡಚಿ ಎಣಿಸಿದರು. ವಾಪಸು ಬಂದಾಗ ಒಂದು ಲೀಟರ್ ಉಳಿಯುತ್ತದೆ, ಐದು ಬೆಳಗು. ಹೋಗದಿದ್ದರೆ ವ್ಯಾನೇ ಇಲ್ಲ, ಒಂದು ಬೆಳಗೂ ಇಲ್ಲ.

“ದಾರೀಲಿ ಮಾಮೂಲಿ ಡೀಸೆಲ್ ಹಾಕಿಸ್ಕೊಳ್ಳಿ,” ಎಂದರು ಹೆಡ್‌ಕ್ಲಾರ್ಕರು.

“ಮಾಮೂಲಿ ಡೀಸೆಲ್ ಹಾಕಿದ್ರೆ ಇದು ಇಟ್ಟಿಗೆ ಗೂಡಿನ ಹಾಗೆ ಹೊಗೆ ಬಿಡುತ್ತೆ. ಪಾಸಾಗಲ್ಲ.”

“ಅರ್ಧ ಅದು, ಅರ್ಧ ಇದು.”

ಮಾವನ ಮುಖ ಗಂಟಿಕ್ಕಿತು. “ಅವಳ ಎಣ್ಣೆಗೆ ಬೇರೆಯವರದ್ದು ಒಂದು ತೊಟ್ಟೂ ಬೆರೆಸಲ್ಲ. ನಾನು ಬದುಕಿರೋ ತನಕ ಅದು ಕಲಬೆರಕೆ ಆಗಲ್ಲ. ತಿಳೀತಾ?”

ಹೆಡ್‌ಕ್ಲಾರ್ಕರಿಗೆ ಏಕೋ ಕೆಮ್ಮು ಬಂತು. ಕೆಮ್ಮಿ ಮುಗಿಸಿ, “ನಾನೂ ಬರ್ತೀನಿ. ಕಚೇರಿ ವ್ಯವಹಾರ ನಿಮಗೆ ತಿಳಿಯಲ್ಲ,” ಎಂದು ಮುಂದಿನ ಸೀಟಿಗೆ ಹತ್ತಿ ಕೂತರು. ಅದು ಅವಳ ಸೀಟು.

ಅಷ್ಟರಲ್ಲಿ ಪಕ್ಕದ ಮನೆಯ ಟೈಲರಕ್ಕ ಎರಡು ದೊಡ್ಡ ಗಂಟು ಹೊತ್ತು ಓಡಿ ಬಂದಳು. ವ್ಯಾನು ಹತ್ತು ನಿಮಿಷದ ಮೇಲೂ ನಿಲ್ಲದೆ ಓಡುತ್ತಿರುವುದನ್ನು ಕೇಳಿ ಹೊಲಿಗೆ ಯಂತ್ರ ಬಿಟ್ಟು ಎದ್ದಿದ್ದಳು. ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ.

“ಮಾವ, ದಾರೀಲೇ ಅಲ್ವಾ, ಕಾರ್ಖಾನೆಗೆ ಈ ಅರವತ್ತು ಸಮವಸ್ತ್ರ ಇಳಿಸ್ಬಿಟ್ಟು ಹೋಗೋಣ.”

“ಕಾರ್ಖಾನೆ ಆ ಕಡೆ. ನಾವು ಹೋಗ್ತಿರೋದು ಈ ಕಡೆ.”

“ಅದೇ, ಆ ಕಡೆಯಿಂದ ಈ ಕಡೆ ಹೋಗೋದು. ಮೂರು ಕಿಲೋಮೀಟರ್ ಏನ್ ದೊಡ್ಡದು?”

ಹೋಗಿ ಬರಲು ಆರು ಕಿಲೋಮೀಟರ್. ಮೂರು ಬೆಳಗಿಗಿಂತ ಒಂದು ಗುಟುಕು ಜಾಸ್ತಿ. ಮಾವನಿಗೆ ಇಲ್ಲ ಎನ್ನಬೇಕಿತ್ತು. ಆದರೆ ಹೆಂಡತಿಯ ಕೊನೆಯ ಎರಡು ತಿಂಗಳಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಕೂತು, ಅವಳ ತಲೆ ಬಾಚಿ, ಬಟ್ಟೆ ಬದಲಾಯಿಸಿದವಳು ಈ ಟೈಲರಕ್ಕ. ಅವಳಿಗೆ ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಗಂಟುಗಳು ಹಿಂದೆ ಬಿದ್ದವು, ಗಂಟುಗಳ ಮೇಲೆ ಅವಳು ಕೂತಳು.

ಹೊರಡುವಾಗ ನಾದಿನಿ ಎದುರಾದಳು. ಹೆಂಡತಿಯ ತಂಗಿ, ಬೀದಿಯ ಕೊನೆಯ ಮನೆ, ನರ್ಸುಗಳ ಹಾಸ್ಟೆಲಿನ ಅಡುಗೆಮನೆಯ ಮೇಲ್ವಿಚಾರಕಿ. ಭಾವನಿಗೆ ದಿನಾ ಬೆಳಗ್ಗೆ ತಿಂಡಿಯ ಡಬ್ಬಿ ತರುವವಳು ಅವಳೇ.

“ಎಲ್ಲಿಗೆ ಭಾವ? ವ್ಯಾನು ಓಡ್ಸಿ ವರ್ಷ ಆಯ್ತು.”

“ಹೊಗೆ ಪರೀಕ್ಷೆ.”

“ಎಣ್ಣೆ ಸಾಕಾಗುತ್ತಾ?”

“ಸಾಕಾದಷ್ಟು ಆಗುತ್ತೆ. ಇನ್ನು ಅಲ್ಲಿಗೆ ಮುಗೀತು.”

ನಾದಿನಿ ತಿಂಡಿಯ ಡಬ್ಬಿ ಹಿಡಿದು ಅಲ್ಲೇ ನಿಂತಳು. ಏನೋ ಲೆಕ್ಕ ಹಾಕುತ್ತಿದ್ದವಳ ಹಾಗಿದ್ದಳು.

ಕಾರ್ಖಾನೆಯ ಗೇಟಿನಲ್ಲಿ ಸಮವಸ್ತ್ರ ಎಣಿಸಿಕೊಳ್ಳುವವನು ಐವತ್ತೊಂಬತ್ತು ಎಂದ. ಟೈಲರಕ್ಕ ಅರವತ್ತು ಎಂದಳು. ಹೆಡ್‌ಕ್ಲಾರ್ಕರು ಇಳಿದು ಮೂರನೆಯ ಸಲ ಎಣಿಸಿ ಅರವತ್ತೊಂದು ಎಂದರು. ಹೆಚ್ಚಿನದು ಹೆಡ್‌ಕ್ಲಾರ್ಕರದ್ದೇ ಅಂಗಿ, ಗುಂಡಿ ಹಾಕಿಸಲು ಕೊಟ್ಟದ್ದು, ಗಂಟಿನಲ್ಲಿ ಸೇರಿಹೋಗಿತ್ತು. ಇಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇತ್ತು. ದಿನಕ್ಕೆ ಹತ್ತೇ ನಿಮಿಷ ಓಡಿದ ಗಾಡಿಯ ಬ್ಯಾಟರಿಯಲ್ಲಿ ಜೀವವಿರಲಿಲ್ಲ. ಒಮ್ಮೆ ನಿಲ್ಲಿಸಿದರೆ ತಳ್ಳದೆ ಮತ್ತೆ ಹೊರಡುವಂತಿರಲಿಲ್ಲ. ಟ್ಯಾಂಕಿನ ಮುಳ್ಳನ್ನು ಮಾವ ಕಣ್ಣೆವೆ ಮುಚ್ಚದೆ ನೋಡುತ್ತಿದ್ದರು.

ಅಲ್ಲಿಂದ ಹೊರಟಾಗ ಕಾರ್ಖಾನೆಯ ಕ್ಯಾಂಟೀನಿನ ಹಿಂದಿದ್ದ ಐದು ನಾಯಿಗಳು ವ್ಯಾನಿನ ಬೆನ್ನು ಹತ್ತಿದವು. ಬೊಗಳಲಿಲ್ಲ. ಹೊಗೆ ಕೊಳವೆಗೆ ಮೂಗು ಕೊಟ್ಟುಕೊಂಡು, ನಾಲಿಗೆ ಚಾಚಿ, ಬಹಳ ನಂಬಿಕೆಯಿಂದ ಓಡಿ ಬಂದವು. ಮಾವ ವೇಗ ಹೆಚ್ಚಿಸಿದರೆ ಎಣ್ಣೆ ಖರ್ಚು, ಹೆಚ್ಚಿಸದಿದ್ದರೆ ನಾಯಿಗಳ ಮೆರವಣಿಗೆ. ಮೆರವಣಿಗೆಯಲ್ಲೇ ಹೋದರು.

ತಪಾಸಣೆ ಕೇಂದ್ರ ಎಂದರೆ ತಗಡಿನ ದೊಡ್ಡ ಶೆಡ್ಡು, ಒಂದು ಯಂತ್ರ, ಒಂದು ಮೇಜು. ಹದಿನಾಲ್ಕು ಗಾಡಿಗಳ ಸಾಲಿತ್ತು. ಮಾವನ ವ್ಯಾನು ಹದಿನೈದನೆಯದು. ಸಾಲಿನಲ್ಲಿ ನಿಂತು ಐದು ನಿಮಿಷವಾಗುವಷ್ಟರಲ್ಲಿ ಮುಂದಿನ ಲಾರಿಯ ಚಾಲಕ ಇಳಿದು ಬಂದ.

“ಯಾರ್ರೀ ಇಲ್ಲಿ ಮೀನು ಕರೀತಿರೋದು?” ಎಂದು ಕೇಳಿದ. ಸುತ್ತ ನೋಡಿ, ಮೂಗಿನ ದಾರಿ ಹಿಡಿದು ಕೊನೆಗೆ ವ್ಯಾನಿನ ಹಿಂಭಾಗಕ್ಕೆ ಬಂದು ನಿಂತ. “ನಮ್ಮಮ್ಮ ಭಾನುವಾರ ಹಿಂಗೇ ಕರೀತಿದ್ಳು.”

ಶಾಲಾ ಬಸ್ಸಿನ ಚಾಲಕ ಹತ್ತಿರ ಬಂದು ಉಸಿರೆಳೆದುಕೊಂಡ. “ಮೀನಲ್ಲ. ಆಲೂಗಡ್ಡೆ. ನಾವು ಓದುವಾಗ ಹಾಸ್ಟೆಲಲ್ಲಿ ಪ್ರತಿ ಬುಧವಾರ ಇದೇ ವಾಸನೆ.”

“ಎರಡೂ ಅಲ್ಲ,” ಎಂದ ಮೂರನೆಯವನು, ನೀರಿನ ಟ್ಯಾಂಕರಿನವನು. “ಇದು ಈರುಳ್ಳಿ. ನನ್ನ ಮೊದಲನೇ ಹೆಂಡತಿ ಮಾಡ್ತಿದ್ದಿದ್ದು. ನನಗೆ ಗೊತ್ತಾಗಲ್ವಾ?”

ಮೂವರಿಗೂ ವಾದ ಹತ್ತಿತು. ಮಾವನಿಗೆ ರೇಗಿತು. ಅವಳು ಅವರ ಅಮ್ಮನೂ ಅಲ್ಲ, ಹಾಸ್ಟೆಲೂ ಅಲ್ಲ, ಮೊದಲನೇ ಹೆಂಡತಿಯಂತೂ ಅಲ್ಲವೇ ಅಲ್ಲ. ಅವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, “ಅದು ನನ್ನ ಹೆಂಡತಿ. ಹೋಗಿ ಹನ್ನೊಂದು ತಿಂಗಳಾಯ್ತು. ಇದೇ ಕೊನೇದು,” ಎಂದರು.

ಲಾರಿಯವನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. “ನೀವು ಮುಂದೆ ಹೋಗಿ ಅಣ್ಣ. ಸುಮ್ನೆ ಯಾಕೆ ಸುಡ್ತೀರ,” ಎಂದು ಲಾರಿ ಬದಿಗೆ ಸರಿಸಿದ. ಉಳಿದವರೂ ಸರಿಸಿದರು. ಹನ್ನೊಂದು ಗಾಡಿಗಳು ಸರಿದವು. ಹನ್ನೆರಡನೆಯದರ ಚಾಲಕ ನಿದ್ದೆ ಹೋಗಿದ್ದ, ಅವನನ್ನು ಎಬ್ಬಿಸುವುದರಲ್ಲಿ ಉಳಿತಾಯವಾದದ್ದೆಲ್ಲ ಖರ್ಚಾಯಿತು.

ಯಂತ್ರದವನು ಕೊಳವೆಗೆ ನಳಿಕೆ ತೂರಿಸಿ, “ಒತ್ತಿ,” ಎಂದ. ಮಾವ ಕಾಲು ಒತ್ತಿದರು. ಎಂಜಿನ್ನು ಗಂಟಲು ಹರಿಯುವ ಹಾಗೆ ಕೂಗಿತು. “ಬಿಡಿ. ಒತ್ತಿ. ಬಿಡಿ.” ಆರು ಸಲ. ಒಂದೊಂದು ಸಲಕ್ಕೂ ಶೆಡ್ಡಿನ ತುಂಬ ವಾಸನೆ ಎದ್ದು ತಗಡಿನ ಕೆಳಗೆ ನಿಂತಿತು. ಇಷ್ಟು ದಟ್ಟವಾಗಿ ಅದು ಎಂದೂ ಬಂದಿರಲಿಲ್ಲ. ಜನ ತುಂಬಿದ ಸಂಜೆಗಳಲ್ಲಿ, ಬಾಣಲೆ ತುಂಬ ಕುದಿಯುವಾಗ, ಅವಳು ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದಾಗ ಹೀಗೆ ಇರುತ್ತಿತ್ತು. ಮಾವನಿಗೆ ಕಾಲು ಒತ್ತುವುದಕ್ಕೂ ಮನಸ್ಸಿಲ್ಲ, ಬಿಡುವುದಕ್ಕೂ ಮನಸ್ಸಿಲ್ಲ.

ಯಂತ್ರ ಚೀಟಿ ಉಗುಳಿತು. ತಪಾಸಣೆ ಅಧಿಕಾರಿ ಅದನ್ನು ಕಣ್ಣಿಗೆ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದರು.

“ಇದು ಆಗಲ್ಲ,” ಎಂದರು.

“ಫೇಲಾ?” ಎಂದಳು ಟೈಲರಕ್ಕ.

“ಪಾಸು. ಆದ್ರೆ ಇಷ್ಟು ಪಾಸು ಆಗಬಾರ್ದು. ಮೂವತ್ತು ವರ್ಷದ ಗಾಡಿ, ಹೋದ ತಿಂಗಳು ತಗೊಂಡ ನನ್ನ ಕಾರಿಗಿಂತ ಕಮ್ಮಿ ಹೊಗೆ ಬಿಡ್ತಿದೆ. ಯಂತ್ರ ಕೆಟ್ಟಿರ್ಬೇಕು. ಇನ್ನೊಂದು ಸಲ ಮಾಡಿ.”

ಮತ್ತೆ ಆರು ಸಲ. ಮತ್ತೆ ಅದೇ ಅಂಕಿ. ಈಗ ಹೆಡ್‌ಕ್ಲಾರ್ಕರು ನೆರವಿಗೆ ಬಂದರು. ಎರಡು ಬಾರಿ ಒಂದೇ ಅಂಕಿ ಬಂದರೆ ಮೂರನೆಯ ಬಾರಿ ಪರೀಕ್ಷಿಸಿ ದೃಢೀಕರಿಸಬೇಕೆಂದು ನಿಯಮವಿರಬೇಕಲ್ಲ ಎಂದು ಅಧಿಕಾರಿಗೆ ನೆನಪಿಸಿದರು. ಅಂಥ ನಿಯಮ ಅಧಿಕಾರಿಗೆ ಗೊತ್ತಿರಲಿಲ್ಲ. ಹುಡುಕಿದರು, ಸಿಕ್ಕಿಬಿಟ್ಟಿತು. ಮೂರನೆಯ ಬಾರಿ ಆರು ಸಲ ಒತ್ತಿದ್ದಾಯಿತು. ಮಾವ ಹೆಡ್‌ಕ್ಲಾರ್ಕರ ಕಡೆ ನೋಡಿದ ನೋಟಕ್ಕೆ ಅವರು ಕೈಯಲ್ಲಿದ್ದ ತಮ್ಮ ಅಂಗಿಯ ಹೊಸ ಗುಂಡಿಗಳನ್ನು ಮುಟ್ಟಿ ನೋಡಿಕೊಳ್ಳತೊಡಗಿದರು.

ಕೊನೆಗೆ ಅರ್ಜಿ ತುಂಬುವ ಸರದಿ. ಇಂಧನ ಎಂಬಲ್ಲಿ ಏನು ಬರೆಯುವುದು?

“ಬಯೋಡೀಸೆಲ್,” ಎಂದರು ಮಾವ.

“ಯಾವುದರಿಂದ ಮಾಡಿದ್ದು?”

“ಕರಿದು ಉಳಿದ ಎಣ್ಣೆ.”

“ಒಂದೇ ಕಡೆಯದಾ, ನಾಲ್ಕಾರು ಕಡೆಯಿಂದ ತಂದು ಬೆರೆಸಿದ್ದಾ? ಬೆರಕೆ ಆದ್ರೆ ಬೇರೆ ಅರ್ಜಿ.”

“ಒಂದೇ ಕಡೇದು. ಒಬ್ಬಳೇ ಹೆಂಗಸು, ಒಂದೇ ಬಾಣಲೆ.”

“ಹಾಗಂತ ಬರೆದು ರುಜು ಹಾಕಿ. ಸುಳ್ಳಾದ್ರೆ ಜವಾಬ್ದಾರಿ ನಿಮ್ಮದು.”

ಮಾವ ಬರೆದರು. ಬೇರೆ ಯಾವ ಎಣ್ಣೆಯೂ ಇದರಲ್ಲಿ ಸೇರಿಲ್ಲ ಎಂದು ದುಂಡಗೆ ಬರೆದು, ಕೆಳಗೆ ಗೆರೆ ಎಳೆದು, ರುಜು ಹಾಕಿದರು. ಸಾಕ್ಷಿಗೆ ಇಬ್ಬರು ಬೇಕು ಎಂದರು ಅಧಿಕಾರಿ. ಹೆಡ್‌ಕ್ಲಾರ್ಕರು ಮೇಲಿನ ತಗಡು ನೋಡುತ್ತಿದ್ದರು. ಟೈಲರಕ್ಕ ನಾಯಿಗಳನ್ನು ಎಣಿಸುತ್ತಿದ್ದಳು. ಎರಡು ಸಲ ಕರೆದ ಮೇಲೆ ಇಬ್ಬರೂ ಬಂದು, ಒಬ್ಬರ ಮುಖ ಒಬ್ಬರು ನೋಡದೆ, ಓದದೆ ರುಜು ಮಾಡಿದರು. ಹೆಡ್‌ಕ್ಲಾರ್ಕರು ಓದದೆ ರುಜು ಮಾಡಿದ ಮೊದಲ ಕಾಗದ ಅದೇ ಇರಬೇಕು.

ಎರಡು ವರ್ಷದ ಚೀಟಿಗೆ ಮುದ್ರೆ ಬಿತ್ತು. ಅಧಿಕಾರಿ ಬಾಯಿಯಲ್ಲೂರಿದ ನೀರು ನುಂಗಿ, ಮಿಕ್ಕ ಗಾಡಿಗಳನ್ನು ಊಟದ ನಂತರ ನೋಡುತ್ತೇನೆಂದು ಬಾಗಿಲು ಹಾಕಿಕೊಂಡರು.

ವಾಪಸು ದಾರಿಯಲ್ಲಿ ಮಾವ ಇಳಿಜಾರು ಸಿಕ್ಕಲ್ಲೆಲ್ಲ ಗೇರು ಬಿಡಿಸಿ, ಏರು ಬಂದಲ್ಲೆಲ್ಲ ಉಸಿರು ಬಿಗಿ ಹಿಡಿದು ಓಡಿಸಿದರು. ಐದು ಬೆಳಗು ಹೋಗಿ ಒಂದಾದರೂ ಉಳಿಯಲಿ, ಒಂದೇ ಒಂದು, ನಾಳೆಯದು. ಇಂದು ನಡೆದದ್ದನ್ನು ಅವಳಿಗೆ ಹೇಳಬೇಕಿತ್ತು. ಲಾರಿಯವನು ತಲೆಯ ಬಟ್ಟೆ ತೆಗೆದದ್ದು ಕೇಳಿದರೆ ಅವಳು ನಗುತ್ತಿದ್ದಳು.

ಬೀದಿಯ ತಿರುವಿನಲ್ಲಿ ಎಂಜಿನ್ನು ಒಮ್ಮೆ ಬಿಕ್ಕಿತು. ಇನ್ನೊಮ್ಮೆ ಬಿಕ್ಕಿತು. ಮನೆಗೆ ಇನ್ನೂರು ಹೆಜ್ಜೆ ಇರುವಾಗ ನಿಂತುಹೋಯಿತು. ಹಿಂದಿನಿಂದ ಸಣ್ಣಗೆ ಒಂದು ಎಳೆ ಹೊಗೆ ಬಂದು ಗಾಳಿಯಲ್ಲಿ ಕರಗಿತು. ಮಾವ ಮೂಗರಳಿಸಿ ಅದನ್ನು ಹಿಡಿದುಕೊಳ್ಳಲು ನೋಡಿದರು. ಹೊಸದಾಗಿ ಒಗೆದ ಅಂಗಿಯ ವಾಸನೆ ಬಂತು, ಹೆಡ್‌ಕ್ಲಾರ್ಕರದ್ದು.

ಮಾವ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಅತ್ತರು. ಹೆಂಡತಿ ಸತ್ತ ದಿನ ಅಷ್ಟು ಅತ್ತಿರಲಿಲ್ಲ. ಅಂದು ಮಾಡಬೇಕಾದ ಕೆಲಸ ಬಹಳವಿತ್ತು, ಹಿತ್ತಿಲಲ್ಲಿ ಮೂರು ಡಬ್ಬವೂ ಇತ್ತು. ಇಂದು ಏನೂ ಇರಲಿಲ್ಲ.

ನಾದಿನಿ ಬೀದಿಯ ಕೊನೆಯಿಂದ ಚಪ್ಪಲಿ ಬಡಿಯುತ್ತ ಓಡಿ ಬಂದಳು. ಕೈಯಲ್ಲಿ ಮುಚ್ಚಳ ಬಿಗಿದ ಒಂದು ಡಬ್ಬ. ಬೆಳಗ್ಗೆಯಿಂದ ಕಾದು ಕೂತಿದ್ದಳೆಂದು ಕಾಣುತ್ತದೆ.

“ಅಳಬೇಡಿ ಭಾವ. ಇನ್ನೂ ಇದೆ. ಅಕ್ಕನದ್ದೇ. ಅವಳು ಹೋಗೋ ಮುಂಚೆ ನಮ್ಮನೇಲಿ ಒಂದು ಡಬ್ಬ ಇಟ್ಟಿದ್ಳು. ನನಗೆ ಮರ್ತೇ ಹೋಗಿತ್ತು.”

ಮಾವ ತಲೆಯೆತ್ತಿದರು. ಒದ್ದೆ ಮುಖದಲ್ಲಿ ಬೆಳಕು ಬಂತು. ಎರಡೂ ಕೈ ಚಾಚಿ ಡಬ್ಬ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಮುಚ್ಚಳ ತೆಗೆದು ಮೂಸಿ, “ಹೌದು,” ಎಂದರು. “ಹೌದು, ಅವಳದ್ದೇ.”

ಆ ಮುಖ ನೋಡಿ ಟೈಲರಕ್ಕನಿಗೆ ತಡೆಯಲಾಗಲಿಲ್ಲ. “ಮಾವ, ನಮ್ಮನೇಲೂ ಒಂದು ಡಬ್ಬ ಇದೆ. ಅಕ್ಕನೇ ಇಟ್ಟಿದ್ದು. ಹೇಳೋಣ ಹೇಳೋಣ ಅಂತ ಹಾಗೇ ಉಳೀತು,” ಎಂದಳು.

“ಹಾಗೆ ನೋಡಿದರೆ,” ಎಂದರು ಹೆಡ್‌ಕ್ಲಾರ್ಕರು, ಗಂಟಲು ಸರಿಮಾಡಿಕೊಂಡು, “ನಮ್ಮಲ್ಲೂ ಒಂದಿದೆ. ಆಕೆಯದ್ದೇ.”

ಒಬ್ಬೊಬ್ಬರೇ ಹೇಳಿದ್ದರೆ ಒಳ್ಳೆಯ ಸುಳ್ಳಾಗುತ್ತಿತ್ತು. ಮೂರೂ ಒಟ್ಟಿಗೆ ಬಂದು ನಿಂತಾಗ ಅದಕ್ಕೆ ಕಾಲೇ ಇರಲಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವಳು ಮಾವನ ಕೈಯಲ್ಲೇ ಡಬ್ಬಗಳನ್ನು ಎಣಿಸಿ ಇಡಿಸಿದ್ದಳು. ಮೂರೇ. ನಾದಿನಿ ಟೈಲರಕ್ಕನ ಕಡೆ ನೋಡಿದಳು, ಟೈಲರಕ್ಕ ಹೆಡ್‌ಕ್ಲಾರ್ಕರ ಕಡೆ.

“ನೀವೂನಾ?” ಎಂದಳು ನಾದಿನಿ.

“ನೀನೂನಾ?” ಎಂದಳು ಟೈಲರಕ್ಕ.

ಮಾವ ವ್ಯಾನಿನಿಂದ ಇಳಿದರು. “ಏನು ನೀವೂನಾ?”

ಮುಚ್ಚಿಟ್ಟ ಕಡತ ಮೇಜಿನ ಮೇಲೆ ಬಂದಾಯಿತೆಂದು ಹೆಡ್‌ಕ್ಲಾರ್ಕರಿಗೆ ಅರ್ಥವಾಯಿತು. “ನಾನು ಬುಧವಾರ ಬುಧವಾರ ಒಂದು ಲೋಟ,” ಎಂದರು. “ನೀವು ಸ್ನಾನಕ್ಕೆ ಹೋದಾಗ. ನಿಮ್ಮ ಹಿತ್ತಿಲ ಡಬ್ಬಕ್ಕೆ.”

“ನಾನು ಶನಿವಾರ ಸುರೀತಿದ್ದೆ,” ಎಂದಳು ಟೈಲರಕ್ಕ. “ಡಬ್ಬ ತಾನಾಗೇ ಏರ್ತಿತ್ತು. ನಾನೇ ಜಾಸ್ತಿ ಹಾಕಿದ್ನೇನೋ ಅಂದ್ಕೊಳ್ತಿದ್ದೆ.”

ನಾದಿನಿ ನೆಲ ನೋಡುತ್ತ, “ತಿಂಡಿ ಡಬ್ಬಿ ತರ್ತೀನಲ್ಲ ಭಾವ, ದಿನಾ. ಅದರ ಜೊತೆಗೇ ತರ್ತಿದ್ದೆ. ಹಾಸ್ಟೆಲಿಂದ. ಮೊನ್ನೆ ನೀವು ಡಬ್ಬ ತೊಳೆದು ಬೋರಲು ಹಾಕ್ಬಿಟ್ರಿ. ಎಲ್ಲಿ ಸುರೀಲಿ?” ಎಂದಳು.

“ಯಾವಾಗಿಂದ?”

“ಎರಡು ತಿಂಗಳು ಆದ್ಮೇಲಿಂದ. ಮೂರನೇ ಡಬ್ಬದ ತಳ ಕಾಣ್ತಿತ್ತು.”

ಮಾವ ತಮ್ಮ ಕೈಯಲ್ಲಿದ್ದ ಡಬ್ಬ ನೋಡಿದರು. ಈಗ ತಾನೆ ಮೂಸಿ ಅವಳದ್ದೇ ಎಂದಿದ್ದರು. ಎರಡು ತಿಂಗಳಾದ ಮೇಲೆ ಎಂದರೆ ಒಂಬತ್ತು ತಿಂಗಳು. ಒಂಬತ್ತು ತಿಂಗಳ ಪ್ರತಿ ಬೆಳಗು ಅವರು ಕಣ್ಣು ಮುಚ್ಚಿ, ಮನಸ್ಸು ಬಿಚ್ಚಿ, ಗಂಡ ಹೆಂಡತಿಗೆ ಮಾತ್ರ ಹೇಳುವಂಥದ್ದನ್ನೆಲ್ಲ ಹೇಳಿಕೊಂಡದ್ದು ನರ್ಸುಗಳ ಹಾಸ್ಟೆಲಿನ ಎಣ್ಣೆಗೆ. ಬುಧವಾರದ ನಂತರವಾದರೆ ಹೆಡ್‌ಕ್ಲಾರ್ಕರ ಮನೆಯ ಎಣ್ಣೆಗೆ. ಅವರ ಮನೆಯ ಅಡುಗೆಯನ್ನು ಮಾವ ಜನ್ಮದಲ್ಲಿ ಒಮ್ಮೆ ತಿಂದು, ಇನ್ನೊಮ್ಮೆ ತಿನ್ನಲಾರೆ ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಕೈ ಮುಗಿದಿದ್ದರು. ಅವಳದ್ದು ಯಾವ ಬೆಳಗ್ಗೆ ಮುಗಿಯಿತು? ಲೋಟ ಲೋಟವಾಗಿ ಬೆರೆತು, ತೆಳುವಾಗುತ್ತ, ಯಾವುದೋ ಒಂದು ದಿನ ಅದರಲ್ಲಿ ಅವಳಿರಲಿಲ್ಲ. ಅವರು ಪಕ್ಕದಲ್ಲೇ ಕೂತಿದ್ದರು. ಗೊತ್ತೇ ಆಗಲಿಲ್ಲ.

“ಯಾರು ಹೇಳಿದ್ದು ನಿಮಗೆ ಹೀಗೆ ಮಾಡೋಕೆ?” ಎಂದರು. ಸಿಟ್ಟು ಬರಬೇಕಿತ್ತು, ಬರುತ್ತಿರಲಿಲ್ಲ.

“ಅಕ್ಕ,” ಎಂದಳು ನಾದಿನಿ.

“ಅಕ್ಕನೇ,” ಎಂದಳು ಟೈಲರಕ್ಕ.

“ಆಕೆಯೇ,” ಎಂದರು ಹೆಡ್‌ಕ್ಲಾರ್ಕರು. “ನಾನು ಆಸ್ಪತ್ರೆಗೆ ನೋಡೋಕೆ ಹೋದಾಗ. ಬರವಣಿಗೆಯಲ್ಲಿ ಏನೂ ಇರಬಾರದು ಅಂತ ಬೇರೆ ಹೇಳಿದ್ರು.”

ಯಾವ ಕೆಲಸವನ್ನೂ ಅವಳು ಒಬ್ಬರನ್ನೇ ನಂಬಿ ಬಿಡುವವಳಲ್ಲ. ತರಕಾರಿಗೂ ಇಬ್ಬರಿಗೆ ಹೇಳಿಡುತ್ತಿದ್ದಳು. ಮಾವನಿಗೆ ನಂಬದಿರಲು ಕಾರಣವೇ ಇರಲಿಲ್ಲ.

“ಏನಂದ್ಳು?”

ನಾದಿನಿ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಬೇಡ ಬಿಡಿ ಭಾವ.”

“ಹೇಳು.”

“ಆ ಮೂರು ಡಬ್ಬ ಮುಗಿದ್ರೆ ಅವರು ಕಂಗಾಲಾಗ್ತಾರೆ, ತಳ ಕಾಣೋಕೆ ಬಿಡಬೇಡ ಕಣೆ ಅಂದ್ಳು. ಬೇರೆ ಎಣ್ಣೆ ಅಂತ ಗೊತ್ತಾಗ್ಬಿಟ್ರೆ ಏನು ಮಾಡ್ಲಿ ಅಂತ ಕೇಳ್ದೆ. ಅದಕ್ಕೆ ನಕ್ಕಳು.” ನಾದಿನಿಯ ದನಿ ಸಣ್ಣದಾಯಿತು. “ಅವರಿಗೆಲ್ಲಿ ಗೊತ್ತಾಗುತ್ತೆ, ಮೂವತ್ತೊಂದು ವರ್ಷ ನನ್ನ ಕೈಯಡುಗೆ ತಿಂದಿದ್ದಾರೆ, ಉಪ್ಪು ಹಾಕದೇ ಇದ್ದ ದಿನಾನೂ ಚೆನ್ನಾಗಿದೆ ಅಂದಿದ್ದಾರೆ ಅಂದ್ಳು.”

ಟೈಲರಕ್ಕ ಮುಖ ತಿರುಗಿಸಿದಳು. ಹೆಂಡತಿ ಅದನ್ನು ದೂರಿ ಹೇಳಿದ್ದಳೋ ಮುದ್ದಿಗೆ ಹೇಳಿದ್ದಳೋ, ಕೇಳೋಣವೆಂದರೆ ಇನ್ನು ಯಾವ ಬೆಳಗೂ ಉಳಿದಿರಲಿಲ್ಲ. ಮಾವ ಡಬ್ಬವನ್ನು ಅವಳ ಸೀಟಿನ ಮೇಲಿಟ್ಟು, ತಾವು ಡ್ರೈವರ್ ಸೀಟಿಗೆ ಹತ್ತಿ, ಗೇರು ಬಿಡಿಸಿ ಸ್ಟೇರಿಂಗ್ ಹಿಡಿದರು. ಮೂವರೂ ಹಿಂದೆ ಹೋಗಿ ತಳ್ಳತೊಡಗಿದರು. ಹಿಂದಿನ ಬಾಗಿಲು ತೆರೆದೇ ಇತ್ತು. ಏನೂ ವಾಸನೆ ಇರಲಿಲ್ಲ.

ಮನೆಯ ಮುಂದೆ ವ್ಯಾನು ನಿಂತಿತು. ಹೆಡ್‌ಕ್ಲಾರ್ಕರು ಏದುಸಿರು ಬಿಡುತ್ತ ಹೊಸ ಚೀಟಿಯನ್ನು ಗಾಜಿಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ಪೂರ್ತಿ ಓದಿದರು. ಎಲ್ಲ ಸರಿಯಾಗಿತ್ತು.

“ಹಾಗಾದ್ರೆ ಮಾವ,” ಎಂದಳು ಟೈಲರಕ್ಕ, ಕೈ ಒರೆಸಿಕೊಳ್ಳುತ್ತ, ಬಹಳ ಅಂಜುತ್ತ, “ನಾಳೆಗೆ ಯಾರ ಮನೇದು ಹಾಕೋದು?”

ಮಾವ ಇಳಿದು ಬಾಗಿಲು ಹಾಕಿದರು.

“ಯಾರದ್ದಾದ್ರೂ ಹಾಕಿ,” ಎಂದರು. “ನನಗೆಲ್ಲಿ ಗೊತ್ತಾಗುತ್ತೆ.”